ಒರೆಸಿದವರು, ಉಳಿಸಿಕೊಂಡವರು

‘ಇದೆಲ್ಲ ಒಂದು ವಯಸ್ಸಿನವರೆಗೆ ಚಂದ’ ಎನ್ನುವ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ನನಗಿರುವುದು ಸೈನ್ಸ್ ಫಿಕ್ಷನ್ ಟಿವಿ ಧಾರಾವಾಹಿಗಳ ಹುಚ್ಚು. ಮುಖ್ಯವಾಗಿ ಎರಡು. ಒಂದು ಬ್ರಿಟನ್ನಿನ ‘ಡಾಕ್ಟರ್ ಹೂ’: ನೀಲಿ ಬಣ್ಣದ ಹಳೇ ಪೊಲೀಸ್ ಡಬ್ಬಿಯೊಳಗೆ ಕೂತು ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಅನ್ಯಲೋಕದವನೊಬ್ಬನ ಕತೆ. ಇನ್ನೊಂದು ಅಮೆರಿಕದ ‘ಸ್ಟಾರ್ ಟ್ರೆಕ್’: ಎಂಬತ್ತರ ದಶಕದಲ್ಲಿ ನಮ್ಮ ದೂರದರ್ಶನವೂ ಭಾನುವಾರ ಬೆಳಿಗ್ಗೆ ತೋರಿಸುತ್ತಿದ್ದ, ಎಂಟರ್‌ಪ್ರೈಸ್ ಎಂಬ ನೌಕೆಯ ಕತೆ. ನೋಡಿ ಎದ್ದುಹೋಗುವ ಪೈಕಿ ನಾನಲ್ಲ. ಈ ಎರಡು ಧಾರಾವಾಹಿಗಳ ಬಾಲ ಹಿಡಿದು ನಾನು ಉಣ್ಣೆ ಹೆಣಿಗೆಗೆ ಹೋಗಿದ್ದೇನೆ, ಯಾರೂ ಹುಟ್ಟಿನಿಂದ ಆಡದ ಒಂದು ಭಾಷೆಯ ವ್ಯಾಕರಣಕ್ಕೆ ಹೋಗಿದ್ದೇನೆ, ಟೇಪನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸಿ ಮಾಡಿದ ಸಂಗೀತಕ್ಕೆ, ಅಜ್ಟೆಕರ ನರಬಲಿಯ ಚರಿತ್ರೆಗೆ, ಮಾರ್ಕೋ ಪೋಲೋನ ದಾರಿಗೆಲ್ಲ ಹೋಗಿದ್ದೇನೆ. ಇಷ್ಟು ಹೇಳಿದ ಕೂಡಲೇ ಎದುರಿನವರು ಕೇಳುವುದು ಎರಡೇ ಪ್ರಶ್ನೆ. ‘ಇದರಿಂದ ಏನು ಸಿಗುತ್ತೆ?’ ‘ಯಾವುದಾದರೂ ಒಂದನ್ನು ಸರಿಯಾಗಿ ಮಾಡಬಾರದಾ?’

ಈಚೆಗೆ ಸಾಹಿತ್ಯ ಸಭೆಯೊಂದರಲ್ಲಿ ಹಿರಿಯರೊಬ್ಬರು ಇದೇ ಮಾತನ್ನು ಸಿದ್ಧಾಂತದ ಮಟ್ಟಕ್ಕೇ ಏರಿಸಿಬಿಟ್ಟರು. ಗಂಭೀರ ಓದುಗ ಸತ್ತ, ಅವನ ಜಾಗದಲ್ಲಿ ಎಲ್ಲದರಲ್ಲೂ ಒಂದೊಂದು ಚಮಚ ಸವಿಯುವ ಅಭಿಮಾನಿ ಬಂದು ಕೂತಿದ್ದಾನೆ, ಸಂಸ್ಕೃತಿಯನ್ನು ಕಾಪಾಡುವವರು ಇನ್ನು ಯಾರೂ ಇಲ್ಲ ಎಂದರು. ಚಪ್ಪಾಳೆಯೂ ಬಿತ್ತು. ಸಂಸ್ಕೃತಿಯನ್ನು ಕಾಪಾಡುವ ಮಾತು ಬಂತಲ್ಲ, ಅದನ್ನೇ ಹಿಡಿದು ಮಾತಾಡೋಣ. ಯಾಕೆಂದರೆ ಈ ವಿಷಯದಲ್ಲಿ ಲೆಕ್ಕ ಬಹಳ ಸ್ಪಷ್ಟವಾಗಿದೆ, ಮತ್ತು ಅದು ಗಂಭೀರರ ಪರವಾಗಿಲ್ಲ.

‘ಡಾಕ್ಟರ್ ಹೂ’ ಶುರುವಾದದ್ದು 1963ರ ನವೆಂಬರ್ 23ರಂದು, ಕೆನೆಡಿ ಹತ್ಯೆಯ ಮರುದಿನ. ಮೊದಲ ಕತೆಯನ್ನು ನಿರ್ದೇಶಿಸಿದವರು ವಾರಿಸ್ ಹುಸೇನ್. ಹುಟ್ಟಿದ್ದು ಲಖನೌದಲ್ಲಿ. ಆಗಿನ್ನೂ ಇಪ್ಪತ್ತನಾಲ್ಕು ವರ್ಷದ ಹುಡುಗ. ಅವರ ತಾಯಿ ಅತಿಯಾ ಹುಸೇನ್, 1961ರಲ್ಲಿ ‘ಸನ್‌ಲೈಟ್ ಆನ್ ಎ ಬ್ರೋಕನ್ ಕಾಲಮ್’ ಬರೆದವರು. ನಮ್ಮ ಇಂಗ್ಲಿಷ್ ವಿಭಾಗಗಳಲ್ಲಿ ಆ ಕಾದಂಬರಿಯ ಮೇಲೆ ಇವತ್ತಿಗೂ ಪ್ರಬಂಧ ಮಂಡನೆಯಾಗುತ್ತದೆ, ಆಗಬೇಕಾದದ್ದೇ. ಮಗ ಏನು ಮಾಡಿದರು? 1964ರಲ್ಲಿ ಇದೇ ಧಾರಾವಾಹಿಗಾಗಿ ‘ಮಾರ್ಕೋ ಪೋಲೋ’ ಎಂಬ ಏಳು ಕಂತಿನ ಕತೆ ಬಂತು. ಏಳರಲ್ಲಿ ಆರು ಕಂತು ವಾರಿಸ್ ಹುಸೇನರ ನಿರ್ದೇಶನ. ಪಾಮೀರಿನ ಹಿಮದಿಂದ ಕುಬ್ಲಾಯ್ ಖಾನನ ಆಸ್ಥಾನದವರೆಗಿನ ಪ್ರಯಾಣವನ್ನು ಒಂದು ಇಕ್ಕಟ್ಟಾದ ಸ್ಟುಡಿಯೋದೊಳಗೇ ಕಟ್ಟಿ ತೋರಿಸಿದ ಸಾಹಸ ಅದು. ಈಗ ಅದರ ಒಂದೇ ಒಂದು ಕಂತೂ ಇಲ್ಲ.

ಬೆಂಕಿ ಬಿದ್ದು ಸುಟ್ಟುಹೋಗಲಿಲ್ಲ. ಪ್ರವಾಹದಲ್ಲಿ ಕೊಚ್ಚಿಹೋಗಲಿಲ್ಲ. ಬಿಬಿಸಿಯೇ ಒರೆಸಿಹಾಕಿತು. ಆ ಕಾಲದಲ್ಲಿ ವಿಡಿಯೋ ಟೇಪು ದುಬಾರಿ. ಒರೆಸಿ ಅದರ ಮೇಲೇ ಇನ್ನೊಂದು ಕಾರ್ಯಕ್ರಮ ತುಂಬಬಹುದಿತ್ತು. ಕಲಾವಿದರ ಸಂಘದ ಜೊತೆಗಿನ ಒಪ್ಪಂದಗಳ ಕಾರಣಕ್ಕೆ ಮರುಪ್ರಸಾರವೂ ಸುಲಭವಿರಲಿಲ್ಲ. ಬಣ್ಣದ ಟಿವಿ ಬಂದ ಮೇಲೆ ಕಪ್ಪುಬಿಳುಪನ್ನು ಕೇಳುವವರಾರು ಎಂಬ ಎಣಿಕೆ ಬೇರೆ. ವಿದೇಶಗಳಿಗೆ ಮಾರಲೆಂದು ಮಾಡಿಸಿದ ಫಿಲ್ಮ್ ಪ್ರತಿಗಳೂ ಹಕ್ಕಿನ ಅವಧಿ ಮುಗಿದ ಮೇಲೆ ಕಸಕ್ಕೆ ಹೋದವು. ಮೊದಲ ಆರು ವರ್ಷಗಳ 253 ಕಂತುಗಳಲ್ಲಿ ತೊಂಬತ್ತಕ್ಕೂ ಹೆಚ್ಚು ಕಂತುಗಳ ಚಿತ್ರ ಇವತ್ತಿಗೂ ಸಿಕ್ಕಿಲ್ಲ. ಇದನ್ನು ಮಾಡಿದವರು ಯಾರೋ ಅನಾಗರಿಕರಲ್ಲ ಎನ್ನುವುದನ್ನು ಗಮನಿಸಿ. ಜಗತ್ತಿನ ಅತ್ಯಂತ ಗೌರವಾನ್ವಿತ ಪ್ರಸಾರ ಸಂಸ್ಥೆಯ, ಒಳ್ಳೆಯ ವಿಶ್ವವಿದ್ಯಾಲಯಗಳಲ್ಲಿ ಓದಿದ, ಯಾವುದು ಉಳಿಯತಕ್ಕದ್ದು ಯಾವುದು ಅಲ್ಲ ಎಂದು ತೀರ್ಮಾನಿಸುವ ಅಧಿಕಾರವಿದ್ದ ಜನ. ಅವರಿಗೆ ಅಭಿರುಚಿ ಇತ್ತು. ಇದ್ದದ್ದರಿಂದಲೇ ಒರೆಸಿದರು.

ಇನ್ನೊಂದು ಕಡೆಯಲ್ಲಿ ನಡೆದದ್ದನ್ನೂ ನೋಡಿ. ವಿಡಿಯೋ ರೆಕಾರ್ಡರ್ ಮನೆಗಳಿಗೆ ಇನ್ನೂ ಬಾರದ ಆ ಕಾಲದಲ್ಲಿ ಕೆಲವು ಹದಿಹರೆಯದ ಹುಡುಗರು ಶನಿವಾರ ಸಂಜೆ ಟಿವಿಯ ಸ್ಪೀಕರಿಗೆ ಮೈಕು ಹಿಡಿದು, ರೀಲಿನ ಟೇಪ್ ರೆಕಾರ್ಡರಿನಲ್ಲಿ ಬರೀ ದನಿಯನ್ನು ಹಿಡಿದಿಟ್ಟುಕೊಂಡರು. ಅಪ್ಪ ಕೆಮ್ಮಬಾರದು, ಅಮ್ಮ ಪಾತ್ರೆ ಕುಕ್ಕಬಾರದು. ಚೂರು ತಿಳಿವಳಿಕೆ ಇದ್ದವರು ಟಿವಿಯ ಒಳಗಿನಿಂದಲೇ ತಂತಿ ಎಳೆದುಕೊಂಡರು. ಯಾರೂ ಅವರಿಗೆ ಅನುದಾನ ಕೊಡಲಿಲ್ಲ, ಫೆಲೋಶಿಪ್ ಕೊಡಲಿಲ್ಲ. ಅವರಲ್ಲಿ ಒಬ್ಬರಿಗೊಬ್ಬರು ಎಷ್ಟೋ ಜನಕ್ಕೆ ಪರಿಚಯವೂ ಇರಲಿಲ್ಲ. ಆದರೂ ಅವರೆಲ್ಲರ ಟೇಪುಗಳನ್ನು ಒಟ್ಟುಹಾಕಿ ನೋಡಿದರೆ, ಕಳೆದುಹೋದ ಕಂತುಗಳಲ್ಲಿ ದನಿ ಸಿಗದ ಕಂತು ಒಂದೂ ಇಲ್ಲ. ಒಂದೂ ಇಲ್ಲ! ಸಂಸ್ಥೆಯ ಕಡತದಲ್ಲಿ ಸೊನ್ನೆ, ಹುಡುಗರ ಮಂಚದ ಕೆಳಗೆ ಪೂರ್ತಿ. 1978ರಲ್ಲಿ ಬಿಬಿಸಿಯ ಗೋದಾಮಿನಲ್ಲಿ, ಡಾಲೆಕ್ ಎಂಬ ಲೋಹದ ರಕ್ಕಸರು ಮೊದಲ ಸಲ ಬರುವ ಕತೆಯ ರೀಲುಗಳು ವಿಲೇವಾರಿಗೆ ಕಾದು ಕೂತಿದ್ದಾಗ ಹೋಗಿ ತಡೆದವನೂ ಒಬ್ಬ ಅಭಿಮಾನಿಯೇ. ಆಮೇಲೆ ಒಂದೊಂದೇ ರೀಲು ಎಲ್ಲೆಲ್ಲೋ ಸಿಗತೊಡಗಿತು. 1983ರಲ್ಲಿ ಲಂಡನ್ನಿನ ಮಾರ್ಮನ್ ಚರ್ಚೊಂದರ ನೆಲಮಾಳಿಗೆಯಲ್ಲಿ ಎರಡು. 2013ರಲ್ಲಿ ನೈಜೀರಿಯಾದ ಜೋಸ್ ಎಂಬ ಊರಿನ ಟಿವಿ ಕೇಂದ್ರದಿಂದ ಬಂದ ಒಂಬತ್ತು. ಹುಡುಕುವ ಹಟ ಯಾರದ್ದೆಂದು ಬೇರೆ ಹೇಳಬೇಕೇ?

ನಮ್ಮ ಕರಾವಳಿಯವರಿಗೆ ಇದು ಅಪರಿಚಿತವಲ್ಲ. ತಾಳಮದ್ದಲೆಗೆ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗುವ ಒಬ್ಬ ಮಾವ ಪ್ರತಿ ಊರಿನಲ್ಲೂ ಇರುತ್ತಿದ್ದರು. ನಮ್ಮ ಮನೆಯಲ್ಲೂ ಇದ್ದರು, ಅಮ್ಮನ ಅಣ್ಣ. ವೇದಿಕೆಯ ಅಂಚಿನಲ್ಲಿ ಪೆಟ್ಟಿಗೆ ಇಟ್ಟು, ಪಕ್ಕದಲ್ಲೇ ಕೂತು, ತೊಂಬತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಮಗ್ಗುಲು ಮುಗಿಯುವ ಹೊತ್ತಿಗೆ ಸರಿಯಾಗಿ ಭಾಗವತರ ಪದ ಬರಲಿ, ಅರ್ಥ ನಡೆಯುವಾಗ ಮುಗಿಯದಿರಲಿ ಎಂದು ಬೇಡಿಕೊಳ್ಳುವುದು. ಕರ್ಣನ ಒಂದು ಉತ್ತರ ಕ್ಯಾಸೆಟ್ ತಿರುಗಿಸುವ ಗಡಿಬಿಡಿಯಲ್ಲಿ ತಪ್ಪಿಹೋದದ್ದನ್ನು ಮಾವ ಇಪ್ಪತ್ತು ವರ್ಷ ಕಳೆದ ಮೇಲೂ ಹೇಳಿಕೊಂಡು ಕೊರಗುತ್ತಿದ್ದರು. ಅವರಿಗೂ ಮನೆಯಲ್ಲಿ ಸಿಗುತ್ತಿದ್ದದ್ದು ಅದೇ ಪ್ರಶ್ನೆ: ಇದರಿಂದ ಏನು ಸಿಗುತ್ತೆ?

ಸರಿ, ಉಳಿಸುವುದೇನೋ ಉಳಿಸಿದರು, ಅದು ಗುಜರಿ ಸಂಗ್ರಹದ ಬುದ್ಧಿಯಷ್ಟೆ, ಅದನ್ನು ಜ್ಞಾನ ಎನ್ನಲಾದೀತೇ ಎಂಬ ತಕರಾರು ಮುಂದೆ ಬರುತ್ತದೆ. ಇದರ ಜೊತೆಗೇ ಬರುವುದು ಬಾವಿಯ ಉಪಮೆ. ಹತ್ತು ಕಡೆ ಹತ್ತು ಅಡಿ ತೋಡುವ ಬದಲು ಒಂದೇ ಕಡೆ ನೂರು ಅಡಿ ತೋಡು, ನೀರು ಸಿಗುತ್ತದೆ. ಈ ಉಪಮೆಯನ್ನು ಮೊದಲು ಹೇಳಿದವರು ಬಾವಿ ತೋಡಿಸಿರಲಿಕ್ಕಿಲ್ಲ ಎಂದು ನನ್ನ ಗುಮಾನಿ. ತೋಡಿಸಿದವರಿಗೆ ಗೊತ್ತು: ನೀರು ಬರುವುದು ನೇರ ತಳದಿಂದಲೇ ಎಂದೇನಿಲ್ಲ; ಪಕ್ಕದ ಗೋಡೆಯಲ್ಲಿ, ನೀವು ನೋಡದೇ ಇದ್ದ ದಿಕ್ಕಿನಿಂದ, ಒಸರು ಒಡೆಯುತ್ತದೆ.

ನನಗೆ ಒಸರು ಒಡೆದದ್ದು ಹೀಗೆ. ‘ಡಾಕ್ಟರ್ ಹೂ’ದ ಶೀರ್ಷಿಕೆ ಸಂಗೀತ ಕೇಳಿದವರಿಗೆ ಅದು ಮರೆಯುವುದಿಲ್ಲ. ಬಾವಲಿಯೊಂದು ಹಾಡಲು ಕಲಿತಂತಿರುವ ಆ ದನಿ ಯಾವ ವಾದ್ಯದ್ದು ಎಂದು ಹುಡುಕುತ್ತ ಹೋದೆ. ವಾದ್ಯವೇ ಅಲ್ಲ. ರಾನ್ ಗ್ರೇನರ್ ರಾಗ ಬರೆದುಕೊಟ್ಟದ್ದನ್ನು ಬಿಬಿಸಿಯ ರೇಡಿಯೋಫೋನಿಕ್ ವರ್ಕ್‌ಶಾಪಿನಲ್ಲಿ ಡೆಲಿಯಾ ಡರ್ಬಿಷೈರ್ ಎಂಬ ಹೆಣ್ಣುಮಗಳು, ಕೀಲಿಮಣೆಯ ಸಿಂಥಸೈಸರ್ ಇನ್ನೂ ಬಾರದಿದ್ದ 1963ರಲ್ಲಿ, ಮೀಟಿದ ಒಂದು ತಂತಿಯ ದನಿ, ಪರೀಕ್ಷಾ ಯಂತ್ರಗಳಿಂದ ಬರುವ ಒಂದಿಷ್ಟು ಕೂಗು, ಇಷ್ಟನ್ನೇ ಟೇಪಿಗೆ ತುಂಬಿ, ವೇಗ ಏರಿಸಿ ಇಳಿಸಿ, ಒಂದೊಂದು ಸ್ವರಕ್ಕೂ ಟೇಪನ್ನು ಅಳೆದು ಕತ್ತರಿಸಿ ಅಂಟಿಸಿ ಕಟ್ಟಿದ್ದು. ಆಕೆ ಕೇಂಬ್ರಿಜ್‌ನಲ್ಲಿ ಗಣಿತ ಮತ್ತು ಸಂಗೀತ ಓದಿದವಳು. 1959ರಲ್ಲಿ ಡೆಕ್ಕಾ ಕಂಪನಿಗೆ ಕೆಲಸ ಕೇಳಿಕೊಂಡು ಹೋದಾಗ, ಧ್ವನಿಮುದ್ರಣ ಸ್ಟುಡಿಯೋದಲ್ಲಿ ಹೆಂಗಸರನ್ನು ತೆಗೆದುಕೊಳ್ಳುವುದಿಲ್ಲ ಎಂದು ಕಳಿಸಿದರಂತೆ. ಗ್ರೇನರ್ ತನ್ನ ಹೆಸರಿನ ಜೊತೆ ಅವಳ ಹೆಸರೂ ಬರಲಿ ಎಂದರೂ ನಿಯಮ ಬಿಡಲಿಲ್ಲ. ತೆರೆಯ ಮೇಲೆ ಅವಳ ಹೆಸರು ಬಂದದ್ದು 2013ರಲ್ಲಿ, ಧಾರಾವಾಹಿಯ ಐವತ್ತನೆಯ ವರ್ಷಕ್ಕೆ. ಅವಳು ತೀರಿಕೊಂಡು ಆಗಲೇ ಹನ್ನೆರಡು ವರ್ಷ. ಅವಳ ಅಟ್ಟದಲ್ಲಿ 267 ಟೇಪುಗಳು ಸಿಕ್ಕಿದವು. ಈಗ ಅವು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ವಶದಲ್ಲಿವೆ. ವಿದ್ಯುನ್ಮಾನ ಸಂಗೀತದ ಚರಿತ್ರೆಗೆ ನನಗೆ ಬಾಗಿಲಾದದ್ದು ಒಂದು ಮಕ್ಕಳ ಹೊತ್ತಿನ ಟಿವಿ ಧಾರಾವಾಹಿ. ಬೇರೆ ಬಾಗಿಲಿನಿಂದ ಹೋದ ಎಷ್ಟು ಮಂದಿ ಗಂಭೀರ ಸಂಗೀತಪ್ರೇಮಿಗಳಿಗೆ ಅವಳ ಹೆಸರು ಗೊತ್ತಿತ್ತು?

ಹೆಣಿಗೆಯದ್ದು ಇನ್ನೂ ತಮಾಷೆ. 1974ರಲ್ಲಿ ಟಾಮ್ ಬೇಕರ್ ನಾಲ್ಕನೆಯ ಡಾಕ್ಟರ್ ಆದಾಗ ವಸ್ತ್ರವಿನ್ಯಾಸಕ ಜೇಮ್ಸ್ ಅಚಿಸನ್ ಮಫ್ಲರ್ ಹೆಣೆಯಲು ಬೆಗೋನಿಯಾ ಪೋಪ್ ಎಂಬಾಕೆಗೆ ಬಣ್ಣಬಣ್ಣದ ಉಣ್ಣೆ ಉಂಡೆಗಳನ್ನು ಕೊಟ್ಟರು, ಬೇಕಾದದ್ದು ಆರಿಸಿಕೊಳ್ಳಲಿ ಎಂದು. ಆಯಮ್ಮ ಕೊಟ್ಟದ್ದನ್ನಷ್ಟೂ ಹೆಣೆದಳು. ಆಳುದ್ದದ ಎರಡು ಪಟ್ಟು ಆದ ಆ ಮಫ್ಲರೇ ಕೊನೆಗೆ ಪಾತ್ರದ ಗುರುತಾಯಿತು. ಯಾವ ಬಣ್ಣದ ಪಟ್ಟಿ ಎಷ್ಟು ಸಾಲು ಎಂದು ಫೋಟೋ ನೋಡಿ ನೋಡಿ ಎಣಿಸಿ, ತೊಳೆದಾಗ ಎಷ್ಟು ಜಗ್ಗಿರಬಹುದು ಎಂದು ಲೆಕ್ಕ ಹಾಕಿ, ಅಭಿಮಾನಿಗಳು ನಕ್ಷೆ ತಯಾರಿಸಿದ್ದಾರೆ. ಗ್ರಂಥಸಂಪಾದನೆ ಮಾಡುವವರು ಓಲೆಗರಿಯ ಪಾಠಾಂತರ ಹೋಲಿಸುವುದಕ್ಕೂ ಇದಕ್ಕೂ ವಿಧಾನದಲ್ಲಿ ನನಗೆ ವ್ಯತ್ಯಾಸ ಕಾಣುವುದಿಲ್ಲ. ವಸ್ತುವಿನಲ್ಲಿ ವ್ಯತ್ಯಾಸವಿದೆ, ಒಪ್ಪುತ್ತೇನೆ. ಪಂಪನನ್ನು ಮಫ್ಲರಿಗೆ ಹೋಲಿಸಿದಳು ಎಂದು ಯಾರೂ ದೂರು ಬರೆಯಬೇಡಿ.

ಇನ್ನು ಆ ಭಾಷೆ. ‘ಸ್ಟಾರ್ ಟ್ರೆಕ್’ನಲ್ಲಿ ಕ್ಲಿಂಗನ್ ಎಂಬ ಯೋಧ ಕುಲವೊಂದಿದೆ. 1984ರ ಮೂರನೆಯ ಸಿನಿಮಾಕ್ಕಾಗಿ ಅವರ ಭಾಷೆಯನ್ನು ಕಟ್ಟಿಕೊಟ್ಟವರು ಮಾರ್ಕ್ ಒಕ್ರಾಂಡ್. ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳ ಮುಟ್ಸುನ್ ಎಂಬ, ಆಡುವವರು ಇಲ್ಲವಾದ ಭಾಷೆಯ ವ್ಯಾಕರಣ ಬರೆದು ಡಾಕ್ಟರೇಟ್ ಪಡೆದ ಭಾಷಾವಿಜ್ಞಾನಿ. 1985ರಲ್ಲಿ ಕ್ಲಿಂಗನ್ ನಿಘಂಟು ಬಂತು, 1996ರಲ್ಲಿ ಕ್ಲಿಂಗನ್ ‘ಹ್ಯಾಮ್ಲೆಟ್’ ಕೂಡ. ನಾನು ಆ ವ್ಯಾಕರಣ ತೆರೆದು ಕೂತಾಗ ನನಗಾದ ಖುಷಿ ಇಂಗ್ಲಿಷಿನವರಿಗೆ ಆಗಿರಲಿಕ್ಕಿಲ್ಲ. ಅವರು ಹೆಣಗಾಡುವ ಒಂದು ಅಕ್ಷರ, ನಾಲಿಗೆ ಮಡಚಿ ಹೇಳಬೇಕಾದದ್ದು, ನಮ್ಮ ಅಪ್ಪಟ ‘ಡ’. ಒಂದು ಕ್ರಿಯಾಪದದ ಬೆನ್ನಿಗೆ ಪ್ರತ್ಯಯಗಳ ಸಾಲು ಅಂಟಿಕೊಂಡು ಒಂದು ವಾಕ್ಯದ ಕೆಲಸ ಮಾಡುತ್ತದೆ; ‘ಹೋಗಲಾಗದಿದ್ದರೂ’ ಎನ್ನುವವರಿಗೆ ಅದರಲ್ಲೇನು ಅಚ್ಚರಿ? ಪದಗಳ ಕ್ರಮ ಮಾತ್ರ ತಲೆಕೆಳಗು: ‘ಹಾಲು ಕುಡಿಯಿತು ಬೆಕ್ಕು’. ಅದೂ ನಮಗೆ ಅರ್ಥವಾಗದ್ದಲ್ಲ. ಕನ್ನಡದ ಪ್ರತ್ಯಯಗಳ ಬಗ್ಗೆ, ಶಾಲೆಯಲ್ಲಿ ಉರು ಹೊಡೆದು ಮರೆತ ಕೇಶಿರಾಜನ ಬಗ್ಗೆ, ಡಿ.ಎನ್. ಶಂಕರ ಭಟ್ಟರ ಪುಸ್ತಕಗಳ ಬಗ್ಗೆ ನನಗೆ ಕುತೂಹಲ ಹುಟ್ಟಿದ್ದು ಆಮೇಲೆ. ಕ್ಲಿಂಗನ್ನಿನಿಂದ ಕನ್ನಡಕ್ಕೆ ಬಂದದ್ದು ನಗೆಪಾಟಲಿನ ವಿಷಯವೆಂದು ಯಾರಿಗಾದರೂ ಅನಿಸಿದರೆ, ನನ್ನ ಶಾಲೆಯ ವ್ಯಾಕರಣ ಪುಸ್ತಕಕ್ಕೆ ಅದು ಯಾಕೆ ಸಾಧ್ಯವಾಗಲಿಲ್ಲ ಎಂದು ಅವರು ಮೊದಲು ಹೇಳಲಿ.

ನಮ್ಮಲ್ಲಿ ಹರಡಿಕೊಳ್ಳುವುದನ್ನು ಎಲ್ಲರಲ್ಲೂ ತಪ್ಪೆನ್ನುವುದಿಲ್ಲ ಎಂಬುದನ್ನೂ ನೋಡಿ. ಶಿವರಾಮ ಕಾರಂತರು ಕಾದಂಬರಿ ಬರೆದರು, ಯಕ್ಷಗಾನದ ಬೆನ್ನು ಹತ್ತಿದರು, ಮೂಕಿ ಸಿನಿಮಾ ತೆಗೆದರು, ಮಕ್ಕಳಿಗೆ ‘ಬಾಲ ಪ್ರಪಂಚ’, ದೊಡ್ಡವರಿಗೆ ‘ವಿಜ್ಞಾನ ಪ್ರಪಂಚ’ ಬರೆದರು, ಕೈಗಾ ಅಣುಸ್ಥಾವರದ ವಿರುದ್ಧ ಚುನಾವಣೆಗೂ ನಿಂತರು. ತೇಜಸ್ವಿ ಮೀನು ಹಿಡಿದರು, ಹಕ್ಕಿಯ ಚಿತ್ರ ತೆಗೆದರು, ಹಾರುವ ತಟ್ಟೆಗಳ ಬಗ್ಗೆ ಬರೆದರು, ಕಂಪ್ಯೂಟರಿನಲ್ಲಿ ಕನ್ನಡಕ್ಕಾಗಿ ತಲೆ ಕೆಡಿಸಿಕೊಂಡರು. ಅವರನ್ನು ನಾವು ಬಹುಮುಖ ಪ್ರತಿಭೆ ಎನ್ನುತ್ತೇವೆ. ಅದೇ ಹರವು ಸೂಪರ್‌ಮಾರ್ಕೆಟ್ಟಿನ ಬಿಲ್ಲಿಂಗ್ ಕೌಂಟರಿನಲ್ಲಿ ಕೂತ ಹುಡುಗಿಗೆ ಒಂದು ಟಿವಿ ಧಾರಾವಾಹಿಯ ಮೂಲಕ ಬಂದರೆ ‘ಟೈಂಪಾಸ್’. ಅವರಷ್ಟು ಸಾಧಿಸಲಿ ನೋಡೋಣ ಎನ್ನಬೇಡಿ. ಕುತೂಹಲಕ್ಕೆ ಪರವಾನಗಿ ಬೇಕೆಂದೂ, ಅದು ಸಾಧನೆಯಾದ ಮೇಲೆ ಪೂರ್ವಾನ್ವಯವಾಗಿ ಸಿಗುತ್ತದೆಂದೂ ಹೇಳಿದ ಹಾಗಾಯಿತು ಅದು.

ಹುಡುಗಿ ಎಂದೆ. ಬೇಕೆಂದೇ ಅಂದೆ. ‘ಸ್ಟಾರ್ ಟ್ರೆಕ್’ನ ಅಭಿಮಾನಿ ಎಂದರೆ ಕನ್ನಡಕದ, ಹೆಣ್ಣು ಕಂಡರೆ ತೊದಲುವ ಗಂಡುಹುಡುಗ ಎಂಬ ಚಿತ್ರ ಹೇಗೋ ಜಗತ್ತಿನ ತಲೆಯಲ್ಲಿ ಕೂತಿದೆ. ಆ ಅಭಿಮಾನಿ ಬಳಗವನ್ನು ಕಟ್ಟಿದವರು ಬಹುಪಾಲು ಹೆಂಗಸರು. 1967ರಲ್ಲಿ ಬಂದ ಅದರ ಮೊದಲ ಅಭಿಮಾನಿ ಪತ್ರಿಕೆ ‘ಸ್ಪಾಕನೇಲಿಯಾ’ದ ಸಂಪಾದಕಿಯರಿಬ್ಬರೂ ಹೆಂಗಸರು. ಎರಡನೆಯ ವರ್ಷದ ಕೊನೆಗೆ ಧಾರಾವಾಹಿ ನಿಲ್ಲುತ್ತದೆ ಎಂಬ ಸುದ್ದಿ ಬಂದಾಗ ಬಿಜೋ ಟ್ರಿಂಬಲ್ ಮತ್ತು ಅವಳ ಗಂಡ ಸೇರಿ, ಇಂಟರ್ನೆಟ್ಟಿನ ಕನಸೂ ಇರದ ಆ ಕಾಲದಲ್ಲಿ, ಅಂಚೆಯಲ್ಲೇ ಒಂದು ಚಳವಳಿ ನಡೆಸಿದರು. ಎನ್‌ಬಿಸಿ ಕಚೇರಿಗೆ ಮೂಟೆಗಟ್ಟಲೆ ಪತ್ರ ಬಿತ್ತು. 1968ರ ಮಾರ್ಚ್ 1ರಂದು, ಧಾರಾವಾಹಿ ಮುಂದುವರಿಯುತ್ತದೆ ಎಂದು ಚಾನೆಲ್ ಟಿವಿಯಲ್ಲೇ ಪ್ರಕಟಿಸಬೇಕಾಯಿತು. ಆ ಮೂರನೆಯ ವರ್ಷವೂ ಸೇರಿ ಕಂತುಗಳು 79 ಆದದ್ದರಿಂದಲೇ ಸ್ಥಳೀಯ ಕೇಂದ್ರಗಳು ದಿನಾ ಮರುಪ್ರಸಾರ ಮಾಡುವಷ್ಟು ಸರಕು ಸಿಕ್ಕಿತು. ಮರುಪ್ರಸಾರದಿಂದಲೇ ಅದು ದೊಡ್ಡದಾಯಿತು. 1976ರಲ್ಲಿ ಅಮೆರಿಕದ ಮೊದಲ ಅಂತರಿಕ್ಷ ಶಟಲ್‌ಗೆ ‘ಎಂಟರ್‌ಪ್ರೈಸ್’ ಎಂದು ಹೆಸರು ಬಿದ್ದದ್ದೂ ಇಂಥದ್ದೇ ಪತ್ರಗಳ ಒತ್ತಡದಿಂದ. (ಪಾಪ, ಅದು ಪರೀಕ್ಷೆಗೆಂದು ಕಟ್ಟಿದ ವಿಮಾನ, ಅಂತರಿಕ್ಷಕ್ಕೆ ಹೋಗಲೇ ಇಲ್ಲ.) ಧಾರಾವಾಹಿಯಲ್ಲಿ ಉಹುರಾ ಆಗಿದ್ದ ನಿಷೆಲ್ ನಿಕಲ್ಸ್ 1977ರಲ್ಲಿ ನಾಸಾ ಪರವಾಗಿ ಊರೂರು ತಿರುಗಿ, ಹೆಂಗಸರೂ ಕಪ್ಪುಜನರೂ ಗಗನಯಾತ್ರಿಗಳಾಗಲು ಅರ್ಜಿ ಹಾಕಿ ಎಂದು ಕರೆದರು. ಚಿಕ್ಕಂದಿನಲ್ಲಿ ಅದೇ ಉಹುರಾಳನ್ನು ನೋಡಿ ಬೆಳೆದ ಮೇ ಜೆಮಿಸನ್ 1992ರಲ್ಲಿ ಅಂತರಿಕ್ಷಕ್ಕೆ ಹೋದ ಮೊದಲ ಕಪ್ಪು ಮಹಿಳೆಯಾದರು.

ಇಷ್ಟೆಲ್ಲ ಆದಮೇಲೆ 1986ರ ಡಿಸೆಂಬರಿನಲ್ಲಿ ಅಮೆರಿಕದ ಒಂದು ಹಾಸ್ಯ ಕಾರ್ಯಕ್ರಮದಲ್ಲಿ, ಕ್ಯಾಪ್ಟನ್ ಕರ್ಕ್ ಪಾತ್ರದ ವಿಲಿಯಂ ಶಾಟ್ನರ್ ಅಭಿಮಾನಿಗಳ ಸಮಾವೇಶವೊಂದರ ಅಣಕು ದೃಶ್ಯದಲ್ಲಿ ನಿಂತು, ಇದು ಬರೀ ಟಿವಿ ಕಾರ್ಯಕ್ರಮ, ಹೋಗಿ ಬದುಕು ನೋಡಿಕೊಳ್ಳಿ ಎಂದು ಗದರಿಸಿದರು. ದೇಶವೇ ನಕ್ಕಿತು. ಆರು ವರ್ಷದ ನಂತರ ಹೆನ್ರಿ ಜೆಂಕಿನ್ಸ್ ಎಂಬ ವಿದ್ವಾಂಸರು ಅದೇ ಅಣಕವನ್ನು ಎತ್ತಿಕೊಂಡು ‘ಟೆಕ್ಸ್ಚುವಲ್ ಪೋಚರ್ಸ್’ ಎಂಬ ಪುಸ್ತಕವನ್ನು ಆರಂಭಿಸಿ, ಅಭಿಮಾನಿಗಳು ಬಾಯಿ ಬಿಟ್ಟುಕೊಂಡು ನೋಡುವವರಲ್ಲ, ಕದ್ದು ತಂದು ಹೊಸದು ಕಟ್ಟುವವರು ಎಂದು ವಾದಿಸಬೇಕಾಯಿತು. ವಿಶ್ವವಿದ್ಯಾಲಯದವರೊಬ್ಬರು ಹೇಳಿದ ಮೇಲೆ ಸ್ವಲ್ಪ ಮರ್ಯಾದೆ ಬಂತು. ಅಭಿಮಾನಿಗಳಿಗೆ ಸ್ವವಿಮರ್ಶೆ ಇಲ್ಲ ಎನ್ನುವವರೂ ಇದ್ದಾರೆ. ಎಲ್ಲ ಬಲ್ಲ, ಎಲ್ಲರೂ ಮೆಚ್ಚುವ ನಾಯಕಿಯನ್ನು ಗೇಲಿ ಮಾಡಲು ವಿಮರ್ಶಕರು ಈಗ ಬಳಸುವ ‘ಮೇರಿ ಸೂ’ ಎಂಬ ಹೆಸರು ಹುಟ್ಟಿದ್ದು 1973ರಲ್ಲಿ, ಒಬ್ಬ ಅಭಿಮಾನಿ ಲೇಖಕಿ ತನ್ನ ಬಳಗದ ಕತೆಗಳನ್ನೇ ಅಣಕಿಸಿ ಬರೆದ ಪುಟ್ಟ ಕತೆಯಲ್ಲಿ. ತ್ರಿವೇಣಿ, ಎಂ.ಕೆ. ಇಂದಿರಾ ಓದುತ್ತಿದ್ದ ಹೆಂಗಸರನ್ನು ‘ಅಡುಗೆಮನೆ ಸಾಹಿತ್ಯ’ದವರು ಎಂದು ಬದಿಗೆ ತಳ್ಳಿದ ನಾಡಿನವರಾದ ನಮಗೆ ಈ ನಗು ಎಲ್ಲಿಂದ ಬರುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ನಗುವವರಿಗಿಂತ ನನಗೆ ಹೆಚ್ಚು ಸಿಟ್ಟಿರುವುದು ಮಾಲೀಕರ ಮೇಲೆ. ನಗುವವರು ಕನಿಷ್ಠ ನಮ್ಮಿಂದ ದುಡ್ಡು ಮಾಡುವುದಿಲ್ಲ. 2008ರಲ್ಲಿ ಒಬ್ಬಾಕೆ ‘ಡಾಕ್ಟರ್ ಹೂ’ದ ಊಡ್, ಅಡಿಪೋಸ್ ಎಂಬ ಜೀವಿಗಳ ಉಣ್ಣೆ ಗೊಂಬೆ ಹೆಣೆಯುವ ನಕ್ಷೆಯನ್ನು ಪುಕ್ಕಟೆ ಹಂಚಿದಳು. ಯಾರೋ ಅದನ್ನು ನೋಡಿ ಗೊಂಬೆ ಮಾಡಿ ಮಾರಿದರು. ಬಿಬಿಸಿ ನಕ್ಷೆಯನ್ನೇ ತೆಗೆಸಿತು. ಅದೇ ಬಿಬಿಸಿ ‘ಮಾರ್ಕೋ ಪೋಲೋ’ದ ದನಿಯನ್ನು ಸೀಡಿ ಮಾಡಿ ಮಾರಿತು. ಎಲ್ಲಿಂದ ಬಂತು ದನಿ? ಆ ಹುಡುಗರ ಟೇಪಿನಿಂದ. 2016ರಲ್ಲಿ, ಆರೂ ಕಂತು ಕಳೆದುಹೋಗಿರುವ ‘ಪವರ್ ಆಫ್ ದ ಡಾಲೆಕ್ಸ್’ ಕತೆಯನ್ನು ಆನಿಮೇಷನ್ ಮಾಡಿ ಹೊರತಂದದ್ದೂ ಅಂಥದ್ದೇ ದನಿಯ ಮೇಲೆ. ನಾನು ಕೊಂಡುಕೊಂಡೆ, ಚೆನ್ನಾಗಿದೆ, ಅದು ಬೇರೆ ಮಾತು. ಉಳಿಸಿದ್ದು ಒಬ್ಬರು, ಒರೆಸಿದ್ದು ಒಬ್ಬರು, ಒರೆಸಿದವರಿಗೇ ಮಾರುವ ಹಕ್ಕು.

‘ಸ್ಟಾರ್ ಟ್ರೆಕ್’ನವರು ಇನ್ನೂ ಒಂದು ಹೆಜ್ಜೆ ಮುಂದೆ. ಅಭಿಮಾನಿಗಳು ಚಂದಾ ಎತ್ತಿ ತೆಗೆಯಹೊರಟ ‘ಆಕ್ಸನಾರ್’ ಎಂಬ ಸಿನಿಮಾದ ಮೇಲೆ 2015ರ ಕೊನೆಗೆ ದಾವೆ ಹೂಡಿದರು. ಆ ತಂಡ ಎತ್ತಿದ ಹಣ ದೊಡ್ಡದು, ಅದರ ಬಗ್ಗೆ ಪ್ರಶ್ನೆಗಳೂ ಇದ್ದವು. ಅದನ್ನು ಸಮರ್ಥಿಸಲು ನಾನು ಹೋಗುವುದಿಲ್ಲ. ಆದರೆ ಆ ದಾವೆಯಲ್ಲಿ ಕ್ಲಿಂಗನ್ ಭಾಷೆಯೂ ತಮ್ಮ ಸ್ವತ್ತು ಎಂದು ವಾದಿಸಿದರು. ಒಂದು ಭಾಷೆ! ಕೃತಕ ಭಾಷೆ ಕಟ್ಟುವವರ ಸಂಘವೊಂದು ನ್ಯಾಯಾಲಯಕ್ಕೆ ಅಭಿಪ್ರಾಯ ಸಲ್ಲಿಸಿ, ಅದರಲ್ಲಿ ನಡುನಡುವೆ ಕ್ಲಿಂಗನ್ನಿನಲ್ಲೇ ಬರೆದು, ಜನ ಆಡತೊಡಗಿದ ಭಾಷೆಗೆ ಒಡೆಯ ಯಾರು ಎಂದು ಕೇಳಿತು. ದಾವೆ ರಾಜಿಯಲ್ಲಿ ಮುಗಿದು, ಆ ಪ್ರಶ್ನೆ ಹಾಗೇ ಉಳಿಯಿತು. 2016ರ ಜೂನಿನಲ್ಲಿ ಬಂದ ನಿಯಮಗಳ ಪ್ರಕಾರ ಅಭಿಮಾನಿಗಳ ಕಿರುಚಿತ್ರ ಹದಿನೈದು ನಿಮಿಷ ಮೀರಬಾರದು, ಎರಡು ಭಾಗವಾದರೆ ಮೂವತ್ತು. ಯಾರ ಪತ್ರಗಳಿಂದ ಅವರ ಅಂಗಡಿ ಬಾಗಿಲು ಮುಚ್ಚದೆ ಉಳಿಯಿತೋ ಅವರಿಗೇ ಗಡಿಯಾರ ತೋರಿಸುವುದು.

ಒರೆಸುವ ಕೆಲಸ ಅರವತ್ತರ ದಶಕಕ್ಕೇ ಮುಗಿಯಿತು ಎಂದುಕೊಂಡಿದ್ದೀರಾ? 2023ರ ಜೂನಿನಲ್ಲಿ ಪ್ಯಾರಾಮೌಂಟ್ ತನ್ನದೇ ‘ಸ್ಟಾರ್ ಟ್ರೆಕ್: ಪ್ರಾಡಿಜಿ’ ಎಂಬ ಮಕ್ಕಳ ಆನಿಮೇಷನ್ ಸರಣಿಯನ್ನು ತನ್ನದೇ ಸ್ಟ್ರೀಮಿಂಗ್ ಸೇವೆಯಿಂದ ತೆಗೆದುಹಾಕಿತು. ಎರಡನೆಯ ವರ್ಷದ ಕಂತುಗಳ ಕೆಲಸ ಆಗ ನಡೆಯುತ್ತಲೇ ಇತ್ತು. ಟೇಪು ದುಬಾರಿ ಎಂಬ ನೆಪ ಈಗ ಇಲ್ಲ. ತೆರಿಗೆ, ಖರ್ಚುಕಡಿತ ಎಂಬ ಹೊಸ ನೆಪ. ಚಂದಾ ಕಟ್ಟಿದವರ ಕೈಯಲ್ಲಿ ಏನೂ ಉಳಿಯಲಿಲ್ಲ; ಅಷ್ಟರಲ್ಲಿ ಡಿಸ್ಕಿಗೆ ಬಂದಿದ್ದ ಕಂತುಗಳನ್ನು ಕೊಂಡಿಟ್ಟುಕೊಂಡ ‘ಹಳೇ ಕಾಲದ’ ಹುಚ್ಚರ ಕಪಾಟಿನಲ್ಲಿ ಅಷ್ಟು ಉಳಿಯಿತು. ಅಭಿಮಾನಿಗಳು ಮತ್ತೆ ಅರ್ಜಿ, ಸಹಿ, ಗಲಾಟೆ ಎಂದು ಓಡಾಡಿದರು. ಆ ವರ್ಷದ ಕ್ರಿಸ್‌ಮಸ್ ದಿನ ಅದು ನೆಟ್‌ಫ್ಲಿಕ್ಸಿನಲ್ಲಿ ಮತ್ತೆ ಕಂಡಿತು.

ಅಭಿಮಾನದಲ್ಲಿ ಹೊಲಸಿಲ್ಲ ಎಂದು ನಾನು ಹೇಳುತ್ತಿಲ್ಲ. 2017ರಲ್ಲಿ ಜೋಡಿ ವಿಟಕರ್ ಹದಿಮೂರನೆಯ ಡಾಕ್ಟರ್ ಎಂದಾಗ, ಅನ್ಯಲೋಕದ, ದೇಹ ಬದಲಿಸುವ ಜೀವಿ ಹೆಣ್ಣಾಗುವುದು ಅಸಾಧ್ಯವೆಂದು ಬೊಬ್ಬೆ ಹೊಡೆದ ಗಂಡಸರನ್ನು ನೋಡಿದ್ದೇನೆ. ನಮ್ಮಲ್ಲೂ ನಟನೊಬ್ಬನ ಕಟೌಟಿಗೆ ಹಾಲು ಸುರಿಯುವ ಕೈಯೇ ಇನ್ನೊಬ್ಬ ನಟನ ಅಭಿಮಾನಿಯ ಮನೆಯವರನ್ನು ಬೈದು ಬರೆಯುತ್ತದೆ. ಅಂಥವರಿಗೆ ಕುತೂಹಲದ ಸಮಸ್ಯೆ ಇದೆ. ಅದು ಹೆಚ್ಚಾದ ಸಮಸ್ಯೆಯಲ್ಲ, ಇಲ್ಲವೇ ಇಲ್ಲದ ಸಮಸ್ಯೆ. ಒಂದೇ ಹೆಸರು, ಒಂದೇ ಮುಖ, ಅದರಾಚೆ ಒಂದು ಹೆಜ್ಜೆಯೂ ಇಲ್ಲ. ‘ಒಂದನ್ನೇ ಹಿಡಿದು ಆಳಕ್ಕೆ ಹೋಗು’ ಎಂಬ ಹಿರಿಯರ ಬುದ್ಧಿಮಾತನ್ನು ಚಾಚೂ ತಪ್ಪದೆ ಪಾಲಿಸಿದವರು ಅವರೇ ಅಲ್ಲವೇ? ಮಫ್ಲರ್ ಹೆಣೆಯುತ್ತ ಕ್ಲಿಂಗನ್ ಕಲಿಯುತ್ತ ಡೆಲಿಯಾಳ ಟೇಪು ಕೇಳುತ್ತಿರುವವಳಿಗೆ ಯಾರನ್ನಾದರೂ ಬೈಯಲು ಪುರುಸೊತ್ತು ಎಲ್ಲಿದೆ?

ಕನ್ನಡದ ಮಟ್ಟಿಗೆ ಒಂದು ಮಾತು ಉಳಿದಿದೆ. ಕನ್ನಡದಲ್ಲಿ ಬಿಡುಗಡೆಯಾದ ಮೊದಲ ವಾಕ್ಚಿತ್ರ 1934ರ ‘ಸತಿ ಸುಲೋಚನ’. ನಿರ್ದೇಶನ ವೈ.ವಿ. ರಾವ್, ರಾವಣನಾಗಿ ಆರ್. ನಾಗೇಂದ್ರರಾವ್, ಇಂದ್ರಜಿತುವಾಗಿ ಸುಬ್ಬಯ್ಯ ನಾಯ್ಡು. ವರ್ಷಾವರ್ಷ ಮಾರ್ಚ್ 3ರಂದು ಅದನ್ನು ನೆನೆಯುತ್ತೇವೆ, ಭಾಷಣ ಮಾಡುತ್ತೇವೆ. ಅದರ ಒಂದು ಪ್ರತಿಯೂ ಎಲ್ಲೂ ಇಲ್ಲ. ಒಂದಷ್ಟು ಫೋಟೋ ಇವೆ. ದನಿಯೂ ಇಲ್ಲ, ಯಾಕೆಂದರೆ ಅದನ್ನು ಹಿಡಿದಿಡುವ ಪೆಟ್ಟಿಗೆ ಆಗ ಯಾರ ಮನೆಯಲ್ಲೂ ಇರಲಿಲ್ಲ. ಆಮೇಲಿನ ಕಾಲಕ್ಕೆ ಆ ನೆಪ ಹೇಳುವಂತಿಲ್ಲ. ಅರವತ್ತು, ಎಪ್ಪತ್ತು, ಎಂಬತ್ತರ ದಶಕಗಳ ದನಿ ಎಷ್ಟೋ ಅಟ್ಟಗಳ ಮೇಲೆ, ಮದುವೆ ಕ್ಯಾಸೆಟ್ಟುಗಳ ಜೊತೆಗೆ ಬೂಸ್ಟು ಹಿಡಿದು ಕೂತಿದೆ. ಮನೆ ಕ್ಲೀನ್ ಮಾಡುವಾಗ ಅದನ್ನು ಮೊದಲು ಎಸೆಯುವವರು ಓದು ಬರಹ ಬಾರದವರಲ್ಲ.

ಮಾವ ಹೋಗಿ ಈಗ ಒಂಬತ್ತು ವರ್ಷ. ಅವರ ಎರಡು ಟ್ರಂಕುಗಳನ್ನು ಅತ್ತೆ ನನಗೆ ಕೊಟ್ಟಿದ್ದಾರೆ. ಪ್ರಸಂಗ, ಊರು, ತಾರೀಖು, ಯಾರ ಅರ್ಥ, ಯಾರ ಭಾಗವತಿಕೆ ಎಲ್ಲವನ್ನೂ ಅವರು ಕ್ಯಾಸೆಟ್ಟಿನ ಬೆನ್ನಿಗೆ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. ಕಂಪ್ಯೂಟರಿಗೆ ಇಳಿಸಲು ಶುರುಮಾಡಿ ಅರವತ್ತರಷ್ಟು ಮುಗಿಸಿದ್ದೆ, ಅಷ್ಟರಲ್ಲಿ ಪ್ಲೇಯರಿನ ಬೆಲ್ಟು ಸವೆದು ಕರ್ಣನೂ ಕೃಷ್ಣನೂ ಒಂದೇ ದನಿಯಲ್ಲಿ ಎಳೆಯತೊಡಗಿದರು. ಮಂಗಳೂರು, ಪುತ್ತೂರು ಕಡೆ ಇದನ್ನು ಬದಲಾಯಿಸಿಕೊಡುವ ರೇಡಿಯೋ ರಿಪೇರಿಯವರು ಇನ್ನೂ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.